ಗಾಯದ ಗಾಜ್ ಬಟ್ಟೆ ಬಿಚ್ಚುವಾಗ ಹುಡುಗ ಆಟ ಆಡುತ್ತಿದ್ದ

ಸುಟ್ಟ ಗಾಯದ ಡ್ರೆಸ್ಸಿಂಗ್‌ಗೆ ವಿಆರ್ ಹೆಡ್‌ಸೆಟ್, ಅಂದರೆ ಕಣ್ಣಿಗೆ ಕಟ್ಟಿದರೆ ಬೇರೆಯದೇ ಲೋಕ ತೋರಿಸುವ ಸಾಧನ, ತರುತ್ತೇನೆ ಅಂದಾಗ ನಮ್ಮ ಹಿರಿಯ ಸಿಸ್ಟರ್, 'ಆಟದ ಸಾಮಾನಿನಿಂದ ನೋವು ಹೋಗುತ್ತಾ?' ಎಂದಿದ್ದರು. ಈಗ ಟ್ರಾಲಿ ಹೊರಡುವ ಮೊದಲು 'ಚಾರ್ಜ್ ಆಗಿದೆಯಾ?' ಎಂದು ಕೇಳುವವರೂ ಅವರೇ.

ದುಡ್ಡು ಮಾತ್ರ ಚೆನ್ನಾಗಿ ಕೈಬಿಟ್ಟಿತು. ಮೊದಲು ತಂದಿದ್ದು ಫೋನ್ ತೂರಿಸುವ ಎರಡು ಅಗ್ಗದ ಹೆಡ್‌ಸೆಟ್. ಫೋನ್ ಬಿಸಿಯಾಗಿ ಚಿತ್ರ ತಡವರಿಸುತ್ತಿತ್ತು, ರೋಗಿಗಳಿಗೆ ವಾಕರಿಕೆ. ಎರಡೂ ದಂಡ. ಆಮೇಲೆ ಸುಮಾರು ಒಂದು ತಿಂಗಳ ಸಂಬಳ ಸುರಿದು ಒಳ್ಳೆಯದನ್ನೇ ಕೊಂಡೆ. ಅದರ ಲೆನ್ಸನ್ನು ಸ್ಪಿರಿಟ್‌ನಿಂದ ಒರೆಸಿ ಮೊದಲ ವಾರವೇ ಮಂಕು ಮಾಡಿದೆ. ಹೊಟ್ಟೆ ಉರಿಯಿತು.

ದೊಡ್ಡ ತಪ್ಪು ಬೇರೆಯೇ ಇತ್ತು. ನಾನು ಸಮುದ್ರದ ವಿಡಿಯೋ ತೋರಿಸುತ್ತಿದ್ದೆ. ಗಾಜ್ ಎಳೆದ ತಕ್ಷಣ ಸಮುದ್ರ ಮರೆತು ಕಿರುಚುತ್ತಿದ್ದರು. ಸಂಶೋಧಕರಾದ ಹಾಫ್‌ಮನ್ ಮತ್ತು ಪ್ಯಾಟರ್ಸನ್ 1996ರಲ್ಲೇ ಅಮೆರಿಕದ ಸಿಯಾಟಲ್‌ನಲ್ಲಿ ಸುಟ್ಟ ಗಾಯದವರಿಗೆ ವಿಆರ್ ಶುರುಮಾಡಿದವರು. ಅವರ 'ಸ್ನೋವರ್ಲ್ಡ್' ಎಂಬ ಹಿಮಲೋಕದ ಆಟದಲ್ಲಿ ರೋಗಿ ಸುಮ್ನೆ ನೋಡುವುದಿಲ್ಲ, ಹಿಮದ ಉಂಡೆ ಎಸೆಯುತ್ತಾನೆ. ಗಮನವೆಲ್ಲ ಅಲ್ಲೇ ಖರ್ಚಾಗಬೇಕು, ಅಲ್ವಾ? ಕೈಗೆ ಬ್ಯಾಂಡೇಜ್ ಇದ್ದವರಿಗೆಂದು ತಲೆ ತಿರುಗಿಸಿ ಗುರಿ ಇಡುವ ಆಟ ಹುಡುಕಿದೆ. ಮಲಗಿದವರಿಗೆ ದೃಶ್ಯವನ್ನು ಚಾವಣಿ ಕಡೆಗೆ ತಿರುಗಿಸಿಕೊಟ್ಟೆ.

ಇನ್ನೊಂದು ವಿಷಯ, ಹೊತ್ತು. ಗಾಯ ಮುಟ್ಟುವುದಕ್ಕೆ ಐದು ನಿಮಿಷ ಮೊದಲೇ ಹೆಡ್‌ಸೆಟ್ ಹಾಕಬೇಕು. ನೋವು ಶುರುವಾದ ಮೇಲೆ ಹಾಕಿದರೆ ಕಿತ್ತೆಸೆಯುತ್ತಾರೆ.

ತೊಡೆ ಸುಟ್ಟ ಒಬ್ಬ ಹುಡುಗನಿಗೆ ಒಳಗಿನ ಗಾಜ್ ಅಂಟಿಕೊಂಡಿತ್ತು. ಸಲೈನ್ ಬಿಟ್ಟು ಬಿಟ್ಟು ನೆನೆಸಿ ಮೂಲೆಯಿಂದ ಬಿಡಿಸುತ್ತಿದ್ದೆ. ಹಿಂದಿನ ಸಲ ಇಬ್ಬರು ಹಿಡಿದುಕೊಳ್ಳಬೇಕಾಗಿತ್ತು. ಈ ಸಲ ಅವನು, 'ಇರಿ ಅಕ್ಕಾ, ಇನ್ನೊಂದು ಬಂತು' ಎನ್ನುತ್ತಾ ತಲೆ ತಿರುಗಿಸುತ್ತಿದ್ದ. ಗಾಜ್ ಕೈಗೆ ಬಂದಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ನೋವು ಎಷ್ಟು ಅಂದರೆ ಹತ್ತಕ್ಕೆ ಎಂಟು ಹೇಳುತ್ತಿದ್ದವನು ನಾಲ್ಕು ಅಂದ. ಕೊನೆಯ ಪದರ ಬಿಡಿಸುವಾಗ ನಾನು ರೋಗಿಗೆ ಹೇಳುವ ಒಂದು ಮಾತಿದೆ, ಅದು ನನ್ನ ಹತ್ತಿರವೇ ಇರಲಿ.

ನೋವಿನ ಔಷಧಿ ಎಂದಿನಂತೆಯೇ ಕೊಡುತ್ತೇವೆ. ಮುಖ ಸುಟ್ಟವರಿಗೆ, ಫಿಟ್ಸ್ ಇರುವವರಿಗೆ ಹಾಕುವುದಿಲ್ಲ. ಇಲ್ಲಿಯವರೆಗೆ ನಲವತ್ತು ಜನಕ್ಕೆ ಹಾಕಿರಬಹುದು, ಆರೇಳು ಜನ ಬೇಡ ಅಂದರು.

ಐವಿ (ಡ್ರಿಪ್) ಸೂಜಿ ಹಾಕುವಾಗಲೂ ಹೆಡ್‌ಸೆಟ್ ಬಳಸಿ ನೋಡಿದೆ. ಹೆಡ್‌ಸೆಟ್ ಕಟ್ಟುವಷ್ಟರಲ್ಲಿ ಸೂಜಿ ಹಾಕಿಯೇ ಆಗಿರುತ್ತದೆ, ಅಲ್ಲಿ ಬಿಟ್ಟೆ. ಒಂದು ರಾತ್ರಿ ಐಸ್ ನೀರಿನಲ್ಲಿ ನನ್ನ ಕೈಯನ್ನೇ ಇಟ್ಟು ಪರೀಕ್ಷಿಸಿದೆ. ಆಟ ಇದ್ದಾಗ ಹೆಚ್ಚುಕಮ್ಮಿ ಎರಡರಷ್ಟು ಹೊತ್ತು ತಡೆದುಕೊಂಡೆ.

ಮುಂದಿನ ತಿಂಗಳು ಎರಡನೆಯ ಹೆಡ್‌ಸೆಟ್ ಬರುತ್ತಿದೆ. ಈ ಸಲ ದುಡ್ಡು ಆಸ್ಪತ್ರೆಯದು.