ಶಾಲು ಆಮೇಲೆ, ಸನ್ಮಾನ ಪತ್ರ ಮೊದಲು

ಸೆಪ್ಟೆಂಬರ್ 5ರ ಶಿಕ್ಷಕರ ದಿನ ಹತ್ತಿರ ಬಂತೆಂದರೆ ಗ್ರಾಮ ಪಂಚಾಯಿತಿಗಳಲ್ಲಿ ಸನ್ಮಾನದ ಗಡಿಬಿಡಿ. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿಗೆ ಮೊದಲೇ ಹೇಳಿಟ್ಟಿರುತ್ತಾರೆ. ಸನ್ಮಾನ ಪತ್ರ ನೆನಪಾಗುವುದು ಹಿಂದಿನ ರಾತ್ರಿ. ಡಿಟಿಪಿ ಅಂಗಡಿಯಲ್ಲಿ ಹಳೆಯ ಫೈಲ್ ತೆಗೆಸಿ, ಹೆಸರು ಬದಲಿಸಿ, ಪ್ರಿಂಟ್ ಹಾಕಿಸುತ್ತಾರೆ. ನಿವೃತ್ತಿಯಾದ ಮೇಷ್ಟ್ರಿಗೂ, ಆಶಾ ಕಾರ್ಯಕರ್ತೆಗೂ, ಕಬಡ್ಡಿಯಲ್ಲಿ ಗೆದ್ದ ಹುಡುಗಿಗೂ ಅದೇ ಸಾಲುಗಳು. ಎಷ್ಟೋ ವೇದಿಕೆಗಳಲ್ಲಿ ಇದನ್ನು ನೋಡಿ ಬೇಸರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

1. ಸಭೆಯಲ್ಲಿ ತೀರ್ಮಾನ

ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ವಿಷಯ ಇಡಿ. ಯಾರಿಗೆ ಸನ್ಮಾನ, ಖರ್ಚು ಯಾವ ಲೆಕ್ಕದಿಂದ ಎಂಬುದನ್ನು ನಡಾವಳಿಯಲ್ಲಿ ಬರೆಸಿ. ಉಳಿದದ್ದನ್ನು ಪಿಡಿಒ ಹೇಳುತ್ತಾರೆ.

2. ಹೆಸರುಗಳು

ಐದಕ್ಕಿಂತ ಜಾಸ್ತಿ ಬೇಡ. ಇಪ್ಪತ್ತು ಜನರನ್ನು ಸಾಲಾಗಿ ನಿಲ್ಲಿಸಿ ಶಾಲು ಹೊದಿಸಿದರೆ ಯಾರಿಗೂ ಗೌರವ ಸಿಕ್ಕಂತಾಗುವುದಿಲ್ಲ. ಹೈಸ್ಕೂಲ್ ಶಿಕ್ಷಕರ ಆಚೆಗೂ ನೋಡಿ. ಅಂಗನವಾಡಿ ಕಾರ್ಯಕರ್ತೆ, ಬಿಸಿಯೂಟದ ಅಡುಗೆಯವರು, ಅರಿವು ಕೇಂದ್ರದ (ಪಂಚಾಯಿತಿ ಗ್ರಂಥಾಲಯದ) ಮೇಲ್ವಿಚಾರಕರು ಸುಲಭವಾಗಿ ಬಿಟ್ಟುಹೋಗುತ್ತಾರೆ.

ಇನ್ನೂ ಸೇವೆಯಲ್ಲಿರುವ ಸರ್ಕಾರಿ ಶಿಕ್ಷಕರಾದರೆ ಮುಖ್ಯ ಶಿಕ್ಷಕರ ಮೂಲಕ ಬಿಇಒ ಅವರಿಗೆ ಮೊದಲೇ ಪತ್ರ ಕೊಡಿ. ಸನ್ಮಾನ, ಉಡುಗೊರೆ ಸ್ವೀಕರಿಸುವುದಕ್ಕೆ ಸರ್ಕಾರಿ ನೌಕರರ ನಡತೆ ನಿಯಮಗಳಲ್ಲಿ ನಿರ್ಬಂಧಗಳಿವೆ. ಉಂಗುರ, ಹಣದ ಕವರ್ ಅಂತ ಹೋಗಿ ಅವರನ್ನು ಮುಜುಗರಕ್ಕೆ ಸಿಕ್ಕಿಸಬೇಡಿ.

3. ಸನ್ಮಾನ ಪತ್ರ

ಎಲ್ಲರೂ ಎಡವುವುದು ಇಲ್ಲೇ. ಕನಿಷ್ಠ ಹದಿನೈದು ದಿನ ಇಟ್ಟುಕೊಳ್ಳಿ.

ಶಿಕ್ಷಕರಿಂದ ಬಯೋಡೇಟಾ ತರಿಸಿಕೊಂಡು ಅದನ್ನೇ ಇಳಿಸಬೇಡಿ. ಅದರಲ್ಲಿ ಹುಟ್ಟಿದ ದಿನ, ಸೇವೆಗೆ ಸೇರಿದ ದಿನ, ವರ್ಗಾವಣೆಯಾದ ಊರುಗಳು ಇರುತ್ತವೆ, ಅಷ್ಟೇ. ತಾವು ಮಾಡಿದ ಕೆಲಸದ ಬಗ್ಗೆ ಒಳ್ಳೆಯ ಶಿಕ್ಷಕರು ಬಾಯಿ ಬಿಡುವುದೇ ಇಲ್ಲ. ಹಾಗಾಗಿ ಬೇರೆಯವರನ್ನು ಕೇಳಬೇಕು. ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಒಬ್ಬ ತಾಯಿ, ಬೇರೆ ಬೇರೆ ವರ್ಷಗಳ ಇಬ್ಬರು ಹಳೆಯ ವಿದ್ಯಾರ್ಥಿಗಳು, ಜೊತೆಗೆ ಕೆಲಸ ಮಾಡಿದ ಒಬ್ಬರು ಸಾಕು. ‘ಮೇಷ್ಟ್ರು ಹೇಗೆ?’ ಎಂದು ಕೇಳಿದರೆ ‘ದೇವರಂಥವರು’ ಅನ್ನುತ್ತಾರೆ. ಅದರಿಂದ ಪತ್ರಕ್ಕೆ ಏನೂ ಸಿಗುವುದಿಲ್ಲ. ‘ಅವರು ಬರುವ ಮೊದಲು ಶಾಲೆ ಹೇಗಿತ್ತು? ಆಮೇಲೆ ಏನು ಬದಲಾಯಿತು?’ ಎಂದು ಕೇಳಿ. ಆಗ ಮಾತು ಬರುತ್ತದೆ.

ಕೇಳಿದ್ದನ್ನು ಶಾಲೆಯ ದಾಖಲೆ ಜೊತೆ ಹೋಲಿಸಿ ನೋಡಿ. ಎನ್‌ಎಂಎಂಎಸ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡಿದ್ದಾರೆ ಅಂತಿಟ್ಟುಕೊಳ್ಳಿ. ಎಂಟನೇ ತರಗತಿಯಲ್ಲಿ ಅದರಲ್ಲಿ ಆಯ್ಕೆಯಾದ ಮಗುವಿಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಬಡ ಮನೆಗೆ ಅದು ಸಣ್ಣ ಮೊತ್ತವಲ್ಲ. ಎಷ್ಟು ಮಕ್ಕಳು, ಯಾವ ವರ್ಷ ಎಂದು ಮುಖ್ಯ ಶಿಕ್ಷಕರಿಂದ ಪಕ್ಕಾ ಮಾಡಿಕೊಂಡು ಬರೆಯಿರಿ.

ಈಗ ಬರವಣಿಗೆ. ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’, ‘ಜ್ಞಾನದ ಗಣಿ’ ತರಹದ್ದನ್ನು ಪೂರ್ತಿ ಬಿಡಿ. ಯಾರಿಗೆ ಬೇಕಾದರೂ ಹೊಂದುವ ಸಾಲು ಈ ಮೇಷ್ಟ್ರ ಪತ್ರದಲ್ಲಿ ಇರಬಾರದು. ನೇರವಾಗಿ ಅವರನ್ನೇ ಉದ್ದೇಶಿಸಿ ಬರೆಯಿರಿ: ‘ಮಾನ್ಯರೇ, ಹಳ್ಳ ತುಂಬಿದ ದಿನ ತಾವು ಆಚೆ ದಡದ ಮಕ್ಕಳನ್ನು ಕೈಹಿಡಿದು ದಾಟಿಸಿ, ಮನೆ ಮುಟ್ಟಿಸಿ ಬರುತ್ತಿದ್ದಿರಿ. ಆ ಮಳೆಗಾಲಗಳಲ್ಲಿ ಒಂದು ಮಗುವೂ ಶಾಲೆ ಬಿಡಲಿಲ್ಲ.’ ಇಂಥ ಎರಡು ಸಂಗತಿ ಇದ್ದರೆ ಪತ್ರ ಎದ್ದು ನಿಲ್ಲುತ್ತದೆ. ಪದವಿ, ಪ್ರಶಸ್ತಿಗಳೆಲ್ಲ ಕೊನೆಗೆ ಒಂದೇ ಸಾಲಿನಲ್ಲಿ ಬರಲಿ. ಜೋರಾಗಿ ಓದಿದರೆ ಎರಡು ನಿಮಿಷ ಮೀರಬಾರದು.

4. ಅಚ್ಚು

‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಿಸುವಾಗ, ಅಥವಾ ಮೊಬೈಲಿನಿಂದ ಡಿಸೈನ್ ಸಾಫ್ಟ್‌ವೇರ್‌ಗೆ ಅಂಟಿಸುವಾಗ ಒತ್ತಕ್ಷರಗಳು ಬೇರೆಯಾಗುತ್ತವೆ, ಅರ್ಕಾವತ್ತು ಜಾಗ ತಪ್ಪುತ್ತದೆ. ಪರದೆ ಮೇಲೆ ನೋಡಿ ಸುಮ್ನಾಗಬೇಡಿ. ಸಾದಾ ಹಾಳೆಯಲ್ಲಿ ಒಂದು ಪ್ರಿಂಟ್ ತೆಗೆಸಿ, ಟೈಪ್ ಮಾಡದೇ ಇದ್ದವರ ಕೈಗೆ ಕೊಟ್ಟು ಓದಿಸಿ. ‘ಹಾರ್ಧಿಕ’, ‘ಶುಭಾಷಯ’, ‘ನಿರ್ವೃತ್ತಿ’ ನುಸುಳುವುದು ಇಲ್ಲೇ. ಸರಿಯಾದದ್ದು ಹಾರ್ದಿಕ, ಶುಭಾಶಯ, ನಿವೃತ್ತಿ. ಹೆಸರು, ಇನಿಷಿಯಲ್ ಸರಿಯಿದೆಯೇ ಎಂದು ಮನೆಯವರಿಗೆ ಫೋನ್ ಮಾಡಿ ಕೇಳಿ.

ಅಂಗಡಿಯವರು ತೋರಿಸುವ ಹೊಳೆಯುವ ಅಕ್ರಿಲಿಕ್ ಫಲಕ ಬೇಡ. ಬೇಗ ಗೀರು ಬೀಳುತ್ತದೆ, ಜಾಸ್ತಿ ಅಕ್ಷರ ಹಿಡಿಸುವುದೂ ಇಲ್ಲ. ದಪ್ಪ ಕಾಗದ, ಸಾದಾ ಮರದ ಚೌಕಟ್ಟು ಸಾಕು. ಫ್ಲೆಕ್ಸ್ ಬ್ಯಾನರ್ ಕೂಡ ಬೇಡ. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್‌ಗೆ 2016ರಲ್ಲೇ ನಿಷೇಧ ಬಂದಿದೆ. ಬಟ್ಟೆಯ ಮೇಲೆ ಬರೆಸಿ. ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಬಿಟ್ಟು ಕನ್ನಡ ಪುಸ್ತಕ ಕೊಡಿ ಎಂದು 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಹೇಳಿತ್ತು. ನನ್ನ ಮತವೂ ಪುಸ್ತಕಕ್ಕೇ.

5. ಆ ದಿನ

ಭಾಷಣ ಎರಡು ಸಾಕು. ಸನ್ಮಾನಿತರು ಕೂತಿರಲಿ, ಪತ್ರ ಓದುವವರು ನಿಂತಿರಲಿ. ಓದುವುದನ್ನು ನಿರೂಪಕರಿಗೆ ಬಿಡಬೇಡಿ. ಹಳೆಯ ವಿದ್ಯಾರ್ಥಿಯೊಬ್ಬರಿಂದ ಓದಿಸಿ. ಸರ್ವೆಪಲ್ಲಿ ರಾಧಾಕೃಷ್ಣನ್ 1921ರಲ್ಲಿ ಮೈಸೂರು ಬಿಟ್ಟು ಕಲ್ಕತ್ತಾಕ್ಕೆ ಹೊರಟಾಗ ಮಹಾರಾಜ ಕಾಲೇಜಿನ ವಿದ್ಯಾರ್ಥಿಗಳು ಸಾರೋಟಿಗೆ ಹೂ ಕಟ್ಟಿ, ತಾವೇ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಕರೆದೊಯ್ದರು. ಜನ ಇವತ್ತಿಗೂ ಅದನ್ನು ಹೇಳುತ್ತಾರೆ ಅಂದರೆ ಎಳೆದವರು ಅವರ ಕೈಯಲ್ಲೇ ಕಲಿತವರು ಎಂಬ ಕಾರಣಕ್ಕೆ. ಓದುವವರ ಕೈಗೆ ಪತ್ರ ಹಿಂದಿನ ದಿನವೇ ಸೇರಲಿ. ಒಮ್ಮೆ ಓದಿಕೊಳ್ಳದೆ ವೇದಿಕೆ ಹತ್ತಿದರೆ ತಡವರಿಸುತ್ತಾರೆ.

ಪೂರ್ತಿ ಓದಿ ಮುಗಿದ ಮೇಲೆಯೇ ಪತ್ರ ಕೈಗೆ ಕೊಡಿ. ಓದುತ್ತಿರುವಾಗಲೇ ಫೋಟೋಗೆಂದು ಎದ್ದು ನಿಲ್ಲಿಸಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಮನೆಯವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಕಾದಿಡಿ. ಪತ್ರದ ಒಂದು ಪ್ರತಿ ಪಂಚಾಯಿತಿ ಕಡತದಲ್ಲಿ, ಇನ್ನೊಂದು ಶಾಲೆಯಲ್ಲಿ ಇರಲಿ. ಪಿಡಿಎಫ್ ಅನ್ನು ಮನೆಯವರ ವಾಟ್ಸ್‌ಆ್ಯಪ್‌ಗೆ ಅವತ್ತೇ ಕಳಿಸಿ. ದೂರದ ಊರುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ಕೇಳುತ್ತಾರೆ.