ಬೆಳಿಗ್ಗೆ ಐದೂವರೆಯ ಆಟ

ಲಾಕ್‌ಡೌನಿಗೆ ಮೊದಲು ನಾನು ಜನರ ನಡುವೆ ಕೂತು ನೋಡಿದ ಕೊನೆಯ ಚಿತ್ರೋತ್ಸವ ಬೆಂಗಳೂರಿನದು. ಅದು 2020ರ ಮಾರ್ಚ್ 4ಕ್ಕೆ ಮುಗಿಯಿತು. 25ರಿಂದ ಇಡೀ ದೇಶಕ್ಕೆ ಬೀಗ ಬಿತ್ತು. ನಾನು ಸಾಗರದ ಹತ್ತಿರದ ಊರಿಗೆ ಬಂದು ತೋಟದ ಮನೆ ಸೇರಿಕೊಂಡೆ.

ಆ ವರ್ಷದ ಮೇ 29ರಿಂದ ಜೂನ್ 7ರವರೆಗೆ ಯೂಟ್ಯೂಬಿನಲ್ಲಿ ‘ವಿ ಆರ್ ಒನ್’ ಅನ್ನುವ ಚಿತ್ರೋತ್ಸವ ನಡೆಯಿತು. ಕಾನ್, ಬರ್ಲಿನ್, ವೆನಿಸ್, ನಮ್ಮ ಮುಂಬೈನ ಮಾಮಿ ಎಲ್ಲ ಸೇರಿ 21 ಚಿತ್ರೋತ್ಸವಗಳು ಕೈಜೋಡಿಸಿದ್ದವು. ಟಿಕೆಟ್ ಇಲ್ಲ, ಪಾಸ್ ಇಲ್ಲ. ಅದರಲ್ಲಿ ‘ಈಬ್ ಅಲ್ಲೇ ಊ’ ಬಂದ ದಿನ ಅಮ್ಮನೂ ಪಕ್ಕದಲ್ಲಿ ಕೂತಿದ್ದಳು. ದೆಹಲಿಯ ಸರ್ಕಾರಿ ಕಟ್ಟಡಗಳ ಹತ್ತಿರ ಮಂಗ ಓಡಿಸುವ ಕೆಲಸಕ್ಕೆ ಸೇರಿದ ಹುಡುಗನ ಕಥೆ ಅದು. ಅಮ್ಮ ಸ್ವಲ್ಪ ಹೊತ್ತು ನೋಡಿ, “ಇದಕ್ಕೆ ಸಂಬಳ ಬೇರೆ ಕೊಡ್ತಾರಾ?” ಅಂದಳು. ಮೂವತ್ತು ವರ್ಷದಿಂದ ಸಂಬಳ ಇಲ್ಲದೆ ತೋಟದ ಮಂಗ ಓಡಿಸಿದವಳು ಅವಳು. ನಮ್ಮೂರಿನವರಿಗೂ ಹೀಗೆ ಏನಾದರೂ ತೋರಿಸಬೇಕು ಅಂತ ನನಗೆ ಅನ್ನಿಸಿದ್ದು ಆಗಲೇ.

ಅಂದುಕೊಂಡಿದ್ದು 2020ರಲ್ಲಿ, ಮಾಡಿದ್ದು ಎರಡನೇ ಅಲೆಯಲ್ಲಿ. 2021ರ ಮೇ 10ರಿಂದ ರಾಜ್ಯದಲ್ಲಿ ಮತ್ತೆ ಲಾಕ್‌ಡೌನ್. ಅಂಗಡಿ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ. ನಾವು ಐದು ಜನ ಗೆಳೆಯರು ವಾಟ್ಸಾಪಿನಲ್ಲೇ ಸಭೆ ಸೇರಿ, ನಾಲ್ಕು ದಿನ, ಹನ್ನೊಂದು ಕಿರುಚಿತ್ರ ಅಂತ ನಿರ್ಧರಿಸಿದೆವು. ಪಕ್ಕದ ಹೆಗ್ಗೋಡಿನ ನೀನಾಸಮ್ 1973ರಲ್ಲೇ ಚಿತ್ರಸಮಾಜ ಕಟ್ಟಿತ್ತು. ಹಾಗಾಗಿ ‘ಹಳ್ಳಿಯವರು ಇಂಥದ್ದು ನೋಡ್ತಾರಾ’ ಅನ್ನುವ ಅನುಮಾನ ನಮಗೆ ಇರಲೇ ಇಲ್ಲ. ಅಲ್ಲಿ ಸಭಾಂಗಣ ಇತ್ತು, ಇಲ್ಲಿ ಎಲ್ಲರ ಕೈಯಲ್ಲಿ ಫೋನ್ ಇದೆ, ಅಷ್ಟೇ ವ್ಯತ್ಯಾಸ ಅಂದುಕೊಂಡಿದ್ದೆವು.

ಸಿನಿಮಾ ಸಿಗುವುದು ಕಷ್ಟವಾಗಲಿಲ್ಲ. ಹೆಚ್ಚಿನವು ವಿದ್ಯಾರ್ಥಿಗಳು ಮಾಡಿದ್ದು. ಕೇಳಿದ ಕೂಡಲೇ ಕೊಟ್ಟರು. ಒಬ್ಬಳು ಮಾತ್ರ, “ಸರ್, ಇದನ್ನ ಬೇರೆ ಫೆಸ್ಟಿವಲ್‌ಗೆ ಕಳಿಸಿದ್ದೀನಿ. ಯೂಟ್ಯೂಬಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕಿದ್ರೆ ಅಲ್ಲಿ ತಗೊಳ್ಳಲ್ಲ” ಅಂದಳು. ಸರಿಯೇ. ಎಷ್ಟೋ ಚಿತ್ರೋತ್ಸವಗಳು ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕು ಅನ್ನುತ್ತವೆ. ಅದಕ್ಕೇ ಎಲ್ಲ ಸಿನಿಮಾಗಳನ್ನೂ ಅನ್‌ಲಿಸ್ಟೆಡ್ ಮಾಡಿದೆವು. ಲಿಂಕ್ ಇದ್ದವರಿಗೆ ಮಾತ್ರ ಕಾಣುತ್ತದೆ. 48 ಗಂಟೆ ಆದ ಮೇಲೆ ಪ್ರೈವೇಟ್. ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬಿಡದೆ, ಎಷ್ಟು ಹೊತ್ತು, ಎಲ್ಲಿ, ಯಾರಿಗೆ ಅಂತ ಬರೆದು ಪ್ರತಿಯೊಬ್ಬರಿಂದ ಮೆಸೇಜಿನಲ್ಲಿ ‘ಒಪ್ಪಿದ್ದೇನೆ’ ಅನ್ನಿಸಿಕೊಂಡೆವು.

ಒಂದು ಸಿನಿಮಾದಲ್ಲಿ ಚಹಾದ ಅಂಗಡಿಯ ರೇಡಿಯೊ ಹಳೆಯ ಚಿತ್ರಗೀತೆ ಹಾಡುತ್ತಿತ್ತು. ಹಾಡಿನ ಹಕ್ಕು ಯಾರದು ಅಂತ ನಾವು ಯೋಚಿಸಿರಲೇ ಇಲ್ಲ. ಅಪ್‌ಲೋಡ್ ಆದ ಕೂಡಲೇ ಕಾಪಿರೈಟ್ ಕ್ಲೇಮ್ ಬಂತು. ಆ ಜಾಗದ ಧ್ವನಿ ತೆಗೆದುಬಿಡೋಣ ಅಂದರೆ ನಿರ್ದೇಶಕ ಒಪ್ಪಲಿಲ್ಲ. ಕೊನೆಗೆ ನಮ್ಮ ಗೆಳೆಯನೊಬ್ಬ ಕಂಬಳಿ ಹೊದ್ದುಕೊಂಡು, ರೇಡಿಯೊದವರ ಗತ್ತಿನಲ್ಲಿ ಅಡಿಕೆ ಧಾರಣೆ ಓದಿದ. ರಾಶಿ ಇಷ್ಟು, ಬೆಟ್ಟೆ ಇಷ್ಟು, ಸರಕು ಇಷ್ಟು, ಗೊರಬಲು ಇಷ್ಟು. ಹಾಡಿನ ಜಾಗಕ್ಕೆ ಅದನ್ನು ಕೂರಿಸಿದೆವು. ಮೊದಲಿದ್ದ ಹಾಡಿಗಿಂತ ಇದೇ ಚೆನ್ನಾಗಿದೆ ಅಂತ ನನ್ನ ಅಭಿಪ್ರಾಯ. ನಿರ್ದೇಶಕ ಇವತ್ತಿಗೂ ಒಪ್ಪುವುದಿಲ್ಲ.

ತುಳು ಮತ್ತು ಮರಾಠಿಯ ಮೂರು ಸಿನಿಮಾಗಳಿಗೆ ಕನ್ನಡ ಸಬ್‌ಟೈಟಲ್ ನಾವೇ ಮಾಡಿದೆವು. ಸಾಲುಗಳನ್ನು ನಾನು ಹಳೆಯ ಅಭ್ಯಾಸದಲ್ಲಿ ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಟೈಪ್ ಮಾಡಿದೆ. ತೆರೆಯ ಮೇಲೆ ಬಂದಿದ್ದು ಇಂಗ್ಲಿಷ್ ಅಕ್ಷರದ ಕಸ. ಎಲ್ಲವನ್ನೂ ಯೂನಿಕೋಡಿಗೆ ಬದಲಿಸಬೇಕಾಯಿತು. ಆಮೇಲೆ ನೋಡಿದರೆ ಸಾಲು ತೀರಾ ಕೆಳಗೆ ಕೂತು ಒತ್ತಕ್ಷರಗಳ ಬಾಲ ಕತ್ತರಿಸಿಹೋಗಿತ್ತು. ‘ಅಪ್ಪ’ ಹೋಗಿ ‘ಅಪ’ ಆಗಿದ್ದ. ಕನ್ನಡಕ್ಕೆ ಕೆಳಗಡೆ ಜಾಸ್ತಿ ಜಾಗ ಬಿಡಬೇಕು ಅಂತ ಆಗ ಗೊತ್ತಾಯಿತು. ಇನ್ನೊಂದು, ಸಿಸಿ ಬಟನ್ ಒತ್ತಿ ಸಬ್‌ಟೈಟಲ್ ತರಿಸಿಕೊಳ್ಳುವುದು ಹಿರಿಯರಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಅಕ್ಷರಗಳನ್ನು ಚಿತ್ರದ ಮೇಲೇ ಅಚ್ಚು ಹಾಕಿಸಿದೆವು.

ಇಷ್ಟೆಲ್ಲ ಆಗಿ, ಜೂನ್ ಎರಡನೇ ಶನಿವಾರ ರಾತ್ರಿ 8 ಗಂಟೆಗೆ ಮೊದಲ ಆಟ. ಊಟಕ್ಕೆ ಮೊದಲು, ಎಲ್ಲರೂ ಮನೆಯಲ್ಲಿರುವ ಹೊತ್ತು ಅಂತ ನಮ್ಮ ಲೆಕ್ಕ. ಲಿಂಕ್ ಒತ್ತಿದವರು 140 ಜನ. ಸರಾಸರಿ ನೋಡಿದ್ದು ನಾಲ್ಕು ನಿಮಿಷ! ಸಿನಿಮಾ ಕೆಟ್ಟದಾಗಿದೆ ಅಂತ ನಾನು ಕುಸಿದು ಕೂತೆ. ಅಷ್ಟರಲ್ಲಿ ಒಬ್ಬರ ಫೋನ್ ಬಂತು. “ಮಾರಾಯಾ, ಮಗನ ಆನ್‌ಲೈನ್ ಕ್ಲಾಸಿಗೇ ಇವತ್ತಿನ ಡೇಟಾ ಮುಗೀತು. ನಿನ್ನ ಸಿನಿಮಾ ಸುತ್ತುತ್ತಾ ಇದೆ ಅಷ್ಟೇ.”

ನಾವು ಉಚಿತ ಉಚಿತ ಅಂತ ಪೋಸ್ಟರ್ ಮಾಡಿದ್ದೆವು. ನೋಡುವವರಿಗೆ ಅದು ಉಚಿತ ಆಗಿರಲಿಲ್ಲ. ಹೆಚ್ಚಿನ ಮನೆಗಳಲ್ಲಿ ದಿನಕ್ಕೆ 1.5 ಜಿಬಿ ಪ್ಯಾಕಿನ ಒಂದು ಫೋನ್, ಅದರಲ್ಲೇ ಇಬ್ಬರು ಮಕ್ಕಳ ಕ್ಲಾಸು. ಇಪ್ಪತ್ತು ನಿಮಿಷದ ಸಿನಿಮಾಕ್ಕೆ ಕಡಿಮೆ ಸ್ಪಷ್ಟತೆಯ 360ಪಿಯಲ್ಲಿ ಸುಮಾರು 100 ಎಂಬಿ ಸಾಕು. ಹೆಚ್ಚು ಸ್ಪಷ್ಟತೆಯ 1080ಪಿಯಲ್ಲಿ ಅದರ ನಾಲ್ಕೈದು ಪಟ್ಟು ಹೋಗುತ್ತದೆ. ನಾವೋ ಗುಣಮಟ್ಟದ ಹುಚ್ಚಿನಲ್ಲಿ ದೊಡ್ಡ ಫೈಲುಗಳನ್ನೇ ಹಾಕಿದ್ದೆವು.

ಅವತ್ತು ರಾತ್ರಿ ಕೂತು ಉಳಿದ ಸಿನಿಮಾಗಳನ್ನು ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರಿನಲ್ಲಿ 480ಪಿಗೆ ಇಳಿಸಿದೆ. ಹಾಕಿದ ಫೈಲೇ ಚಿಕ್ಕದಾಗಿದ್ದರೆ ಫೋನು ತಾನಾಗಿ ದೊಡ್ಡದನ್ನು ಎಳೆದುಕೊಳ್ಳುವ ಪ್ರಶ್ನೆಯೇ ಇಲ್ಲ. ಛಾಯಾಗ್ರಹಣ ಮಾಡಿದ ಹುಡುಗರಿಗೆ ಬೇಜಾರಾಯಿತು, ಆಗಲಿ. ಮಳೆ ಬೇರೆ ಹಿಡಿದಿತ್ತು. ಕರೆಂಟ್ ಹೋದರೆ ನೆಟ್ಟೂ ಹೋಗುತ್ತಿತ್ತು. ಒಂದು ಸಿನಿಮಾ ಅಪ್‌ಲೋಡ್ ಆಗಲು ಮೂರು ಸಲ ಮೊದಲಿಂದ ಶುರು ಮಾಡಿದೆ.

ಹೊತ್ತನ್ನೂ ಬದಲಿಸಿದೆವು. ಡೇಟಾ ಹೊಸದಾಗಿ ಸಿಗುವುದು ನಡುರಾತ್ರಿ. ಆಗ ಯಾರು ಎದ್ದಿರುತ್ತಾರೆ? ಆದರೆ ನಮ್ಮ ಕಡೆ ಐದಕ್ಕೆಲ್ಲ ಒಲೆ ಹೊತ್ತಿರುತ್ತದೆ. ಆಗ ಮಕ್ಕಳ ಕ್ಲಾಸೂ ಇಲ್ಲ, ನೆಟ್‌ವರ್ಕ್ ಮೇಲೆ ಒತ್ತಡವೂ ಇಲ್ಲ. ಅಂಗಡಿ ತೆಗೆಯುವುದಕ್ಕೆ ಇನ್ನೂ ಅರ್ಧ ಗಂಟೆ ಇರುತ್ತದೆ. ಹಾಗಾಗಿ ಭಾನುವಾರದಿಂದ ಬೆಳಿಗ್ಗೆ ಐದೂವರೆಗೆ ಆಟ. ಬೆಂಗಳೂರಿನ ಗೆಳೆಯರು ನಕ್ಕರು. ಅವತ್ತು ಲಿಂಕ್ ಒತ್ತಿದವರು 90 ಜನ ಮಾತ್ರ, ಆದರೆ ಅರ್ಧಕ್ಕಿಂತ ಜಾಸ್ತಿ ಜನ ಕೊನೆಯವರೆಗೂ ನೋಡಿದ್ದರು. ಸೋಮವಾರ ಜೂನ್ 14. ಬೇರೆ ಕಡೆ ಲಾಕ್‌ಡೌನ್ ಸಡಿಲವಾದರೂ ಶಿವಮೊಗ್ಗ ಸೇರಿ 11 ಜಿಲ್ಲೆಗಳಿಗೆ ಇನ್ನೊಂದು ವಾರ ಮುಂದುವರಿಯಿತು. ಹಾಗೆ ಹೇಳಬಾರದು, ಆದರೂ ನಮಗೆ ಪ್ರೇಕ್ಷಕರು ಉಳಿದರು.

ಸಂವಾದಕ್ಕೆ ಗೂಗಲ್ ಮೀಟ್ ಒಂದು ದಿನ ಮಾಡಿ ಕೈಬಿಟ್ಟೆವು. “ಕೇಳ್ತಾ ಇದೆಯಾ?” ಅನ್ನುವುದರಲ್ಲೇ ಹೊತ್ತು ಹೋಯಿತು. ಬದಲಿಗೆ ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸಿ ಅಂದೆವು. ಆಗ ಮೀಟಿನಲ್ಲಿ ಬಾಯಿಬಿಡದ ಹೆಂಗಸರು ಮಾತಾಡಿದರು. ಹಿಂದುಗಡೆ ಕುಕ್ಕರಿನ ಸೀಟಿ, ಕರುವಿನ ಕೂಗು, ಮಳೆ.

ನೀರು ಹೊರುವ ಹುಡುಗಿಯ ಸಿನಿಮಾ ಒಂದಿತ್ತು. ಅದಕ್ಕೆ ನಮ್ಮ ಕೇರಿಯ ಅಜ್ಜಿಯೊಬ್ಬರು ಎರಡು ನಿಮಿಷದ ಸಂದೇಶ ಕಳಿಸಿದರು. “ಹುಡುಗಿ ಚೆನ್ನಾಗಿ ಮಾಡಿದಾಳೆ. ಆದ್ರೆ ಆ ಕೊಡ ಖಾಲಿ. ತುಂಬಿದ ಕೊಡ ಸೊಂಟಕ್ಕೆ ಬಂದ್ರೆ ಮೈ ಇನ್ನೊಂದು ಕಡೆಗೆ ವಾಲಬೇಕು. ಅವಳದ್ದು ವಾಲಿಲ್ಲ.”

ನಿರ್ದೇಶಕನಿಗೆ ಅದನ್ನು ಹಾಗೇ ಕಳಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು: “ಹೌದು ಸರ್, ಖಾಲಿನೇ. ಹದಿನಾರು ಟೇಕ್ ಆಗಿತ್ತು, ಪಾಪ ಅಂತ ನೀರು ಚೆಲ್ಲಿಸಿದ್ವಿ.”