ಅಂಗಳದಲ್ಲೇ ಬಾವಿ, ಅಂಗಳದಲ್ಲೇ ಪಿಟ್: ಹೊಸಬರಿಗೆ ಸೆಪ್ಟಿಕ್ ಟ್ಯಾಂಕ್ ಮಾರ್ಗದರ್ಶಿ

ಘಟ್ಟದ ಮೇಲಿನಿಂದ ಬಂದು ಮಂಗಳೂರು, ಉಡುಪಿ ಕಡೆ ಬಾಡಿಗೆಮನೆ ಹಿಡಿಯುವವರು ಮನೆ ಯಜಮಾನರನ್ನು ಎರಡು ವಿಷಯ ಕೇಳಿಟ್ಟುಕೊಳ್ಳಿ: ಪಿಟ್ (ಸೆಪ್ಟಿಕ್ ಟ್ಯಾಂಕ್) ಎಲ್ಲಿದೆ, ಕೊನೆಯ ಸಲ ಖಾಲಿ ಮಾಡಿಸಿದ್ದು ಯಾವಾಗ? ಒಳಚರಂಡಿ ಇಲ್ಲದ ಕಡೆ ಪ್ರತಿ ಮನೆಗೂ ಅದರದೇ ಟ್ಯಾಂಕ್. ಕೆಲವರು ಅದರ ಮೇಲೆ ಇಂಟರ್‌ಲಾಕ್ ಹಾಸಿ ಕಾರು ನಿಲ್ಲಿಸಿರುತ್ತಾರೆ. ಮುಚ್ಚಳ ಎಲ್ಲಿದೆ ಎಂದು ಆಗಲೇ ಗುರುತು ಹಾಕಿಸಿಕೊಳ್ಳಿ.

ಟ್ಯಾಂಕಿನಲ್ಲಿ ಕೆಸರು ತಳಕ್ಕೆ ಕೂರುತ್ತದೆ, ಜಿಡ್ಡು ತೇಲುತ್ತದೆ, ನಡುವಿನ ನೀರು ಟಿ ಆಕಾರದ ಪೈಪಿನಿಂದ ಇಂಗುಗುಂಡಿಗೆ (ನೀರು ನೆಲಕ್ಕೆ ಇಂಗುವ ಗುಂಡಿ) ಹೋಗುತ್ತದೆ. ಕೆಸರು ಏರಿದರೆ ಅದೂ ನೀರಿನ ಜೊತೆ ಹೊರಟು ಇಂಗುಗುಂಡಿಯ ಸಂದುಗಳನ್ನು ಮುಚ್ಚಿಬಿಡುತ್ತದೆ. ಆಮೇಲೆ ಟ್ಯಾಂಕ್ ಎಷ್ಟು ಸಲ ಖಾಲಿ ಮಾಡಿಸಿದರೂ ಅಷ್ಟೇ, ಹೊಸ ಗುಂಡಿ ತೋಡಿಸುವ ಖರ್ಚು ತಪ್ಪುವುದಿಲ್ಲ.

ಅಳತೆ ನೋಡುವುದು ಸುಲಭ. ಮುಚ್ಚಳ ಸರಿಸಿ, ಗಾಳಿ ಆಡಲು ಬಿಟ್ಟು ದೂರ ನಿಲ್ಲಿ. ಉದ್ದನೆಯ ಪಿವಿಸಿ ಪೈಪಿನ ತುದಿಗೆ ಮೂರಡಿ ಬಿಳಿ ಬಟ್ಟೆ ಸುತ್ತಿ, ನೀರು ಹೊರಹೋಗುವ ಕಡೆಯಿಂದ ತಳದವರೆಗೆ ಇಳಿಸಿ, ಎರಡು ಮೂರು ನಿಮಿಷ ಬಿಟ್ಟು ನಿಧಾನ ಎತ್ತಿ. ಬಟ್ಟೆಯ ಮೇಲಿನ ಕಪ್ಪು ಗುರುತೇ ಕೆಸರಿನ ಎತ್ತರ. ಅದು ನೀರಿನ ಆಳದ ಮೂರನೇ ಒಂದು ಭಾಗ ಮುಟ್ಟಿದ್ದರೆ ಕೆಸರು ಎಳೆಯುವ ಸಕ್ಕಿಂಗ್ ಗಾಡಿ ಕರೆಸಿ. ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡ, ಒಳಗಿರುವುದು ಮೀಥೇನ್.

ಸಾಮಾನ್ಯವಾಗಿ ಎರಡು–ಮೂರು ವರ್ಷಕ್ಕೊಮ್ಮೆ, ಅದೂ ಫೆಬ್ರವರಿಯಿಂದ ಮೇ ಮಧ್ಯದೊಳಗೆ ಮಾಡಿಸಿ. ಜುಲೈಯಲ್ಲಿ ಕಮೋಡ್ ಗುಳುಗುಳು ಎಂದಾಗ ಓಡಾಡಿ ಪ್ರಯೋಜನವಿಲ್ಲ. ಆಗ ನೆಲವೇ ನೀರು ತುಂಬಿಕೊಂಡಿರುತ್ತದೆ, ಇಂಗುಗುಂಡಿಯ ನೀರಿಗೆ ಹೋಗಲು ಜಾಗವಿಲ್ಲ. ಎಳೆಸಿದ ಮರುದಿನವೇ ಮತ್ತೆ ತುಂಬೀತು. ಫೈಬರ್ ಟ್ಯಾಂಕನ್ನು ಮಳೆಗಾಲದಲ್ಲಿ ಪೂರ್ತಿ ಬರಿದು ಮಾಡಿದರೆ ಕೆಳಗಿನ ನೀರಿನ ಒತ್ತಡಕ್ಕೆ ಮೇಲೇಳಲೂಬಹುದು. ಎಳೆಸಿದ ಮೇಲೆ ಟ್ಯಾಂಕಿಗೆ ನೀರು ತುಂಬಿಸಿ. ಸೆಗಣಿ, ಬ್ಯಾಕ್ಟೀರಿಯಾ ಪುಡಿ ಯಾವುದೂ ಬೇಕಿಲ್ಲ.

ಒಳಗೆ ಆಳು ಇಳಿಸುವ ಮಾತೇ ಬೇಡ. ವಿಷಾನಿಲ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ. ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಇಳಿಸಿದವರಿಗೆ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸಕ್ಕಿಂಗ್ ಗಾಡಿಗೆ ನಿಮ್ಮ ಪಾಲಿಕೆ, ನಗರಸಭೆ ಅಥವಾ ಪಂಚಾಯತ್ ವಿಚಾರಿಸಿ. ನಗರ ಪ್ರದೇಶಗಳಿಗೆ 14420 ಸಹಾಯವಾಣಿಯೂ ಇದೆ.

ಪ್ಯಾಡ್, ಡೈಪರ್, ಮೀನು ಹುರಿದ ಎಣ್ಣೆ ಕಮೋಡಿಗೆ ಬೇಡ. ಆಸಿಡ್ ಸುರಿದರೆ ಕೆಸರು ಕರಗಿಸುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಮಾಡಿನ ಮಳೆನೀರಿನ ಪೈಪ್ ಟ್ಯಾಂಕಿಗೆ ಸೇರಿದ್ದರೆ ಇವತ್ತೇ ಬಿಡಿಸಿ.

ಇನ್ನು ಬಾವಿ. ಸೆಪ್ಟಿಕ್ ಟ್ಯಾಂಕಿನ ಭಾರತೀಯ ಮಾನಕ ಐಎಸ್ 2470ರಂತೆ ಇಂಗುಗುಂಡಿ ಕುಡಿಯುವ ನೀರಿನಿಂದ 18 ಮೀಟರ್ ದೂರವಿರಬೇಕು. ಐದು ಸೆಂಟ್ಸ್ ಚೌಕ ಜಾಗದ ಒಂದು ಬದಿಯೇ ಸುಮಾರು 14 ಮೀಟರ್! ಮೇಲಾಗಿ ಪಕ್ಕದ ಮನೆಯವರ ಬಾವಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೆಂಪುಕಲ್ಲಿನ ತೂತು ಬಿರುಕುಗಳಲ್ಲಿ ನೀರು ಸೋಸದೆಯೇ ಹರಿದುಬಿಡುತ್ತದೆ. ಹಾಗಾಗಿ ಮಳೆ ಶುರುವಾದ ಮೇಲೊಮ್ಮೆ ಬಾವಿನೀರಿನ ಕೋಲಿಫಾರ್ಮ್ (ಮಲದ ಕಲ್ಮಶ ಸೂಚಿಸುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ, ಕುಡಿಯುವ ನೀರನ್ನು ಕುದಿಸಿ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದಾದರೆ 1000 ಲೀಟರಿಗೆ 2.5 ಗ್ರಾಂ: ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಬಿಡಿ, ಒಂದು ಗಂಟೆ ನೀರು ಸೇದಬೇಡಿ. ಬಕೆಟ್ಟಿನಲ್ಲಿ ಉಳಿದದ್ದನ್ನು ಕಮೋಡಿಗೆ ಚೆಲ್ಲಬೇಡಿ.